ಮರಳಿ ಕೊಂಡ ರೆಕಾರ್ಡ್ ಪ್ಲೇಯರ್ ಸರಿಹೋದ ಬಗೆ

ಹದಿನೈದು ವರ್ಷಗಳ ಹಿಂದೆ ರಾಯಚೂರಿನ ಪರಿಚಯಸ್ಥರೊಬ್ಬರಿಗೆ ಮಾರಿ, ಅಂದಿನಿಂದಲೂ ಹಂಬಲಿಸುತ್ತಿದ್ದ ರೆಕಾರ್ಡ್ ಪ್ಲೇಯರನ್ನು ಕಳೆದ ತಿಂಗಳು ಅವರಿಂದಲೇ ಮರಳಿ ಕೊಂಡೆ. ಮುಚ್ಚಳದ ಮೂಲೆಯಲ್ಲಿ ಮಗಳು ಅಂಟಿಸಿದ್ದ ನಕ್ಷತ್ರದ ಚೀಟಿ ಹಾಗೆಯೇ ಇತ್ತು. ಆದರೆ ಭೀಮಸೇನ ಜೋಶಿಯವರ ದನಿ ಶ್ರುತಿ ಇಳಿದು, ಎಳೆದೆಳೆದು ಕೇಳಿಸಿತು.

ತಟ್ಟೆಯನ್ನು ಎತ್ತಿದಾಗ ರಬ್ಬರ್ ಬೆಲ್ಟ್ ಸಡಿಲಗೊಂಡು, ಮೋಟಾರಿನ ಪುಲ್ಲಿಗೆ ಡಾಂಬರಿನಂತೆ ಮೆತ್ತಿಕೊಂಡಿರುವುದು ಕಂಡಿತು. ನಮ್ಮ ಕಡೆಯ ಬಿಸಿಲಿಗೆ ರಬ್ಬರ್ ಬಹುಕಾಲ ತಾಳದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಪುಲ್ಲಿಯನ್ನು ಒರೆಸಿದೆ. ಹಳೆಯ ಬೆಲ್ಟ್ ಹಿಗ್ಗಿದ್ದರಿಂದ ಅದನ್ನು ನಂಬದೆ, ಅದು ಹಾಯುವ ದಾರಿಯನ್ನೇ ನೂಲಿನಿಂದ ಅಳೆದು, ಅದಕ್ಕಿಂತ ತುಸು ಚಿಕ್ಕದನ್ನು ತರಿಸಿ ಹಾಕಿದೆ. ಬಳಿಕ, ತಟ್ಟೆಯ ವೇಗ ಸರಿಯಿದೆಯೇ ಎಂದು ನೋಡಲು ಬಳಸುವ 180 ಗೆರೆಗಳ ಸ್ಟ್ರೋಬ್ ಚಕ್ರವನ್ನು ಅದರ ಮೇಲಿಟ್ಟು, ಹಳೆಯ ಚೋಕಿನ ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿದೆ: ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಆ ಗೆರೆಗಳು ನಿಂತಂತೆ ಕಂಡರೆ ವೇಗವು ನಿಮಿಷಕ್ಕೆ 33⅓ ಸುತ್ತು ಎಂದರ್ಥ. ಗೆರೆಗಳು ನಿಂತವು, ಷಡ್ಜವೂ ನಿಂತಿತು.