ಗೃಹಸಾಲದ ಕಂತು ತಪ್ಪಿದರೆ ಮುಂದೇನು?

ಕಾಫಿಯ ಹಣ ಕೈಸೇರುವುದು ಕೊಯ್ಲು ಮುಗಿದ ಮೇಲೆ, ವರ್ಷಕ್ಕೊಮ್ಮೆ; ಗೃಹಸಾಲದ ಕಂತು ಮಾತ್ರ ತಿಂಗಳಿಗೊಮ್ಮೆ ಬರುತ್ತದೆ. ಕೊಡಗಿನ ಮನೆಗಳಲ್ಲಿ ಮಳೆಗಾಲದ ಕಂತು ತಪ್ಪಲು ಇದೇ ಸಾಮಾನ್ಯ ಕಾರಣ.

ಮೊದಲ ಕಂತು ತಪ್ಪಿದ ವಾರದಲ್ಲೇ ಶಾಖೆಗೆ ಲಿಖಿತ ಮನವಿ ಕೊಟ್ಟು, ಮರುಹೊಂದಾಣಿಕೆ (ಕಂತಿನ ಮೊತ್ತ, ಅವಧಿಗಳ ಬದಲಾವಣೆ) ಕೇಳಬೇಕು. ಮ್ಯಾನೇಜರ್ ಪರಿಚಿತರೆಂದು ಬಾಯಿಮಾತನ್ನು ನಂಬಬಾರದು, ಅವರಿಗೆ ವರ್ಗವಾದರೆ ಆ ಮಾತೂ ಅವರೊಂದಿಗೇ ಹೋಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಸಾಲ ಮಾಡಿ ಕಂತು ಕಟ್ಟುವುದಂತೂ ಬೇಡವೇ ಬೇಡ.

ಬಾಕಿ 90 ದಿನ ಮೀರಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ಬ್ಯಾಂಕಿನ ಲೆಕ್ಕದಲ್ಲಿ ಸೇರುತ್ತದೆ. ಆಮೇಲೆ ಒಂದೆರಡು ಕಂತು ಕಟ್ಟಿದರೆ ಸಾಲದು, ಅಸಲು ಬಡ್ಡಿಗಳ ಬಾಕಿಯೆಲ್ಲ ತೀರಿದರಷ್ಟೇ ಖಾತೆ ಸರಿಹೋಗುತ್ತದೆ.

ಜನ ಎಡವುವುದು ಇದರ ನಂತರದ ಹಂತದಲ್ಲಿ. ಅಡವಿಟ್ಟ ಆಸ್ತಿಯಿಂದ ಬ್ಯಾಂಕು ನೇರವಾಗಿ ಸಾಲ ವಸೂಲು ಮಾಡಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನಡಿ ಬ್ಯಾಂಕು ನೋಟಿಸ್ ಕಳುಹಿಸಿ, 60 ದಿನಗಳೊಳಗೆ ಪೂರ್ತಿ ಹಣ ಕಟ್ಟುವಂತೆ ಕೇಳುತ್ತದೆ. ನನ್ನ ಪರಿಚಿತರೊಬ್ಬರ ಮನೆಯಲ್ಲಿ ಆ ಲಕೋಟೆ ಒಡೆಯದೆಯೇ ಕ್ಯಾಲೆಂಡರಿನ ಹಿಂದೆ ಐವತ್ತು ದಿನ ಕುಳಿತಿತ್ತು. ನೋಟಿಸನ್ನು ನಿರಾಕರಿಸಿ ವಾಪಸು ಕಳುಹಿಸಿದರೂ ದಿನಗಳ ಲೆಕ್ಕ ನಿಲ್ಲುವುದಿಲ್ಲ. ಅದನ್ನು ಒಡೆದು, ಅದರಲ್ಲಿರುವ ಮೊತ್ತವನ್ನು ಖಾತೆಯ ವಿವರಪಟ್ಟಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿ, ಜಮೆಯಾಗದ ಪಾವತಿಗಳಿದ್ದರೆ ರಸೀದಿಯ ಪ್ರತಿ ಲಗತ್ತಿಸಿ ಆಕ್ಷೇಪಣೆ ಬರೆಯಬೇಕು. ದಂಡದ ಮೊತ್ತವನ್ನೂ ನೋಡಿ: ಹೊಸ ಸಾಲಗಳಲ್ಲಿ 2024ರ ಏಪ್ರಿಲ್ 1ರಿಂದ ದಂಡವನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಕೊನೆಯಲ್ಲಿ "ಫೆಬ್ರವರಿಯಲ್ಲಿ ಕಾಫಿ ಮಾರಿ ಇಷ್ಟು, ಮೇ ತಿಂಗಳಲ್ಲಿ ಇಷ್ಟು" ಎಂದು ದಿನಾಂಕ ಸಮೇತ ಪ್ರಸ್ತಾವ ಸೇರಿಸಿ, ಶಾಖೆಯಲ್ಲಿ ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಆಕ್ಷೇಪಣೆಯನ್ನು ಒಪ್ಪದಿದ್ದರೆ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಲೇಬೇಕು.

ಕೃಷಿಭೂಮಿಗೆ ಈ ಕಾಯ್ದೆ ಅನ್ವಯಿಸದು ಎಂಬುದನ್ನು ಕೇಳಿ ನಿರಾಳರಾಗುವವರಿದ್ದಾರೆ. ಭೂಪರಿವರ್ತನೆಯಾದ ನಿವೇಶನದ ಮನೆಗೆ ಆ ರಕ್ಷಣೆ ಸಿಗುವುದಿಲ್ಲ.

ಹಣ ಕಟ್ಟದೆ 60 ದಿನಗಳ ಗಡುವು ಮುಗಿದರೆ ಬ್ಯಾಂಕು ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತದೆ. ಅದನ್ನು ಪ್ರಶ್ನಿಸಲು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನಗಳೊಳಗೆ ಅರ್ಜಿ ಹಾಕಬೇಕು, ಅದಕ್ಕೆ ವಕೀಲರ ನೆರವು ಪಡೆಯುವುದೇ ಲೇಸು. ಪೂರ್ತಿ ಬಾಕಿಯನ್ನು ಖರ್ಚಿನೊಂದಿಗೆ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವವರೆಗೆ ಮಾತ್ರ, ಹರಾಜಿನ ದಿನದವರೆಗಲ್ಲ. ಹರಾಜಿನ ಹಣದಲ್ಲಿ ಸಾಲ, ಖರ್ಚು ಕಳೆದು ಮಿಕ್ಕದ್ದು ಮನೆಯವರಿಗೆ ಬರುತ್ತದೆ. ಸಾಲದೆ ಹೋದರೆ ಉಳಿದ ಬಾಕಿಗೆ ಬ್ಯಾಂಕು ಸಾಲಗಾರರನ್ನೂ ಜಾಮೀನುದಾರರನ್ನೂ ಮತ್ತೆ ಕೇಳುತ್ತದೆ.