ಐವತ್ತು ಲಿಯಾಂಗ್ ಬೆಳ್ಳಿ ಅಂದರೆ ಎಷ್ಟು? ಲೆಕ್ಕ ಹಾಕುವುದು ಹೀಗೆ

ಚೀನಾದ ರಾಜರ ಕಾಲದ ಸೀರಿಯಲ್ ನೋಡುವವರಿಗೆ ಈ ದೃಶ್ಯ ಗೊತ್ತಿರುತ್ತದೆ. ನಾಯಕ ಛತ್ರಕ್ಕೆ ಬರುತ್ತಾನೆ, ಅಂಗಿಯ ತೋಳಿನೊಳಗಿಂದ ದೋಣಿಯಂಥ ಬೆಳ್ಳಿ ಗಟ್ಟಿ ತೆಗೆದು ಮೇಜಿನ ಮೇಲೆ ಕುಕ್ಕುತ್ತಾನೆ. ಅದರ ಹೆಸರು ಯುವಾನ್‌ಬಾವ್. ದೊಡ್ಡದಾದರೆ 50 ಲಿಯಾಂಗ್. ಲಿಯಾಂಗ್ ಅಂದರೆ ಚೀನೀಯರ ಒಂದು ತೂಕ. ಸುಮ್ನೆ ಕುತೂಹಲಕ್ಕೆ ಒಮ್ಮೆ ಲೆಕ್ಕ ಹಾಕಿದೆ, ಎರಡೂವರೆ ಕಿಲೋ ಬಂತು. ಅನುಮಾನ ಬಂದು ಹುಡುಕಿದಾಗ ತಪ್ಪು ಸಿಕ್ಕಿತು: ಈಗಿನ ಲಿಯಾಂಗ್ ಹಿಡಿದು ಆಗಿನ ಬೆಳ್ಳಿ ತೂಗಿದ್ದೆ.

ಮೊದಲು ಆಗಿನ ತೂಕದ ಅಳತೆಗಳನ್ನು ಸಾಲಾಗಿ ನೆನಪಿಡಿ. 100 ಜಿನ್ ಸೇರಿದರೆ ಒಂದು ದಾನ್. ಒಂದು ಜಿನ್‌ಗೆ 16 ಲಿಯಾಂಗ್. ಅಲ್ಲಿಂದ ಕೆಳಗೆ ಎಲ್ಲ ಹತ್ತರ ಲೆಕ್ಕ: ಒಂದು ಲಿಯಾಂಗ್‌ಗೆ 10 ಚಿಯೆನ್, ಒಂದು ಚಿಯೆನ್‌ಗೆ 10 ಫೆನ್. ಹದಿನಾರು ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ರೂಪಾಯಿಗೂ ಹದಿನಾರಾಣೆ ಇತ್ತಲ್ವಾ. ಇಬ್ಬರೂ ಒಂದೇ ಥರದವರು ಎನ್ನಲು ಚೀನೀಯರು ಇವತ್ತಿಗೂ 'ಅರ್ಧ ಜಿನ್, ಎಂಟು ಲಿಯಾಂಗ್' ಅನ್ನುತ್ತಾರೆ. ಅರ್ಧ ರೂಪಾಯಿ, ಎಂಟಾಣೆ ಅಂದ ಹಾಗೆ. ತೂಕದ ಕೋಲಿನ 16 ಚುಕ್ಕೆಗಳು ಹದಿಮೂರು ನಕ್ಷತ್ರ ಮತ್ತು ಭಾಗ್ಯ, ಪದವಿ, ಆಯಸ್ಸು ಎಂಬ ಮೂರು ದೇವತೆಗಳದು ಎಂದು ಜನ ಹೇಳುತ್ತಿದ್ದರು. ಒಂದು ಲಿಯಾಂಗ್ ಕಡಿಮೆ ತೂಗಿದ ಅಂಗಡಿಯವನ ಭಾಗ್ಯ ಹೋಯಿತು, ಎರಡಾದರೆ ಪದವಿಯೂ, ಮೂರಾದರೆ ಆಯಸ್ಸೂ!

ಇಂಗ್ಲಿಷ್ ದಾಖಲೆಗಳಲ್ಲಿ ಲಿಯಾಂಗ್ 'ಟೇಲ್' ಆಗಿದೆ, ಚಿಯೆನ್ 'ಮೇಸ್' ಆಗಿದೆ. ಮೇಸ್ ಪದ ಮಲಯ ಭಾಷೆಯ ಮೂಲಕ ಬಂದದ್ದು, ಮೂಲ ನಮ್ಮ 'ಮಾಷ', ಅಂದರೆ ಉದ್ದಿನ ಕಾಳು.

ಇನ್ನು ಎರಡನೆಯ ಹೆಜ್ಜೆ. ಎಲ್ಲರೂ ಎಡವುವುದು ಇಲ್ಲೇ. ಇದು ಯಾರ ಲಿಯಾಂಗ್ ಎಂದು ಕೇಳಿಕೊಳ್ಳಿ. ಖಜಾನೆಯ 'ಕುಪಿಂಗ್' ಲಿಯಾಂಗ್ ಸುಮಾರು 37.3 ಗ್ರಾಂ. ಬಂದರಿನ ಸುಂಕಕ್ಕೆ ಬಳಸುತ್ತಿದ್ದ 'ಹೈಕ್ವಾನ್' ಸ್ವಲ್ಪ ಜಾಸ್ತಿ, 37.7ರ ಆಸುಪಾಸು. ಶಾಂಘೈ ವರ್ತಕರ ಲೆಕ್ಕವೇ ಬೇರೆ: 100 ಹೈಕ್ವಾನ್ ಕೊಟ್ಟರೆ ಪುಸ್ತಕದಲ್ಲಿ 111.4 ಶಾಂಘೈ ಟೇಲ್ ಬರೆಯುತ್ತಿದ್ದರು. ಚೀನಾದಲ್ಲಿ ಈಗಿನ ಲಿಯಾಂಗ್ 50 ಗ್ರಾಂ. 1959ರಲ್ಲಿ 500 ಗ್ರಾಂ ಜಿನ್ ಅನ್ನು ಹತ್ತು ಭಾಗ ಮಾಡಿದ್ದರಿಂದ ಹಾಗಾಯಿತು. ನಾನು ಎಡವಿದ್ದೂ ಇದಕ್ಕೇ. ಕುಪಿಂಗ್ ಹಿಡಿದರೆ ನಾಯಕನ ಗಟ್ಟಿ 1,865 ಗ್ರಾಂ. ಅಷ್ಟನ್ನು ತೋಳಿನಲ್ಲಿ ಇಟ್ಟುಕೊಂಡು ಕತ್ತಿವರಸೆ ಮಾಡುತ್ತಾನಲ್ಲ, ಅವನೇ ಗಟ್ಟಿಗ.

ಮೂರನೆಯದು ಅಪ್ಪಟತನ. ಲೆಕ್ಕದ ಬೆಳ್ಳಿಯಾದ 'ವೆನ್‌ಯಿನ್' ನೂರಕ್ಕೆ ಸುಮಾರು 93.5 ಶುದ್ಧ. ಹಾಗಾಗಿ ಒಂದು ಕುಪಿಂಗ್ ಲಿಯಾಂಗ್‌ನಲ್ಲಿ ನಿಜವಾದ ಬೆಳ್ಳಿ 34.9 ಗ್ರಾಂ. ಪೇಟೆಯಲ್ಲಿ ಬೆಳ್ಳಿಯ ಗುಣ ನೋಡಿ, ಬೇಕಾದಷ್ಟು ಕತ್ತರಿಸಿ, ಪುಟ್ಟ ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದರು. ಬೆಳ್ಳಿ ನಾಣ್ಯವನ್ನೂ ಬಿಡಲಿಲ್ಲ. ಮೆಕ್ಸಿಕೋದಿಂದ ಬಂದ ಡಾಲರುಗಳ ಮೇಲೆ ಒಬ್ಬೊಬ್ಬ ವರ್ತಕನೂ ತನ್ನ ಮುದ್ರೆ ಒತ್ತುತ್ತಿದ್ದ.

ನಾಣ್ಯ ಎದುರಾದರೆ ಅದರ ಮೇಲೆಯೇ ಓದಿ. ಕ್ವಾಂಗ್‌ಟುಂಗ್ ಪ್ರಾಂತ್ಯದ ಡ್ರ್ಯಾಗನ್ ಡಾಲರಿನ ಮೇಲೆ '7 ಮೇಸ್ 2 ಕ್ಯಾಂಡರೀನ್' ಅಂತಿದೆ. ಕ್ಯಾಂಡರೀನ್ ಅಂದರೆ ಫೆನ್. 0.72 ಲಿಯಾಂಗ್ ಅನ್ನು 37.3ರಿಂದ ಗುಣಿಸಿ, 26.9 ಗ್ರಾಂ ಬಂತು.

ಈಗ ದೊಡ್ಡ ಲೆಕ್ಕಕ್ಕೆ ಕೈ ಹಾಕಿ. 1895ರಲ್ಲಿ ಯುದ್ಧ ಸೋತ ಚೀನಾ ಜಪಾನಿಗೆ ಒಪ್ಪಿಕೊಂಡ ದಂಡ 20 ಕೋಟಿ ಕುಪಿಂಗ್ ಟೇಲ್, ಅಂದರೆ 7,460 ಟನ್ ಬೆಳ್ಳಿ. ಬಾಕ್ಸರ್ ದಂಗೆಯ ನಂತರ 1901ರಲ್ಲಿ ವಿದೇಶಿ ರಾಷ್ಟ್ರಗಳು ಚೀನಾಕ್ಕೆ ಹಾಕಿದ ದಂಡ 45 ಕೋಟಿ, ಆದರೆ ಹೈಕ್ವಾನ್ ಟೇಲ್. ಸುಮಾರು 17,000 ಟನ್, ಬಡ್ಡಿ ಬೇರೆ.

1933ರಲ್ಲಿ ಸರ್ಕಾರ ಟೇಲ್ ಲೆಕ್ಕ ನಿಲ್ಲಿಸಿತು. 0.715 ಶಾಂಘೈ ಟೇಲ್‌ಗೆ ಒಂದು ಯುವಾನ್ ಎಂದು ಗೊತ್ತುಮಾಡಿತು. ಹಾಂಗ್‌ಕಾಂಗ್‌ನ ಚಿನ್ನದಂಗಡಿಗಳು ಮಾತ್ರ ಇನ್ನೂ ಟೇಲ್ ಬಿಟ್ಟಿಲ್ಲ. ಅಲ್ಲಿ ಒಡವೆ ಕೊಳ್ಳುವುದಿದ್ದರೆ ಒಂದು ಟೇಲ್‌ಗೆ 37.43 ಗ್ರಾಂ ಹಿಡಿಯಿರಿ, ನಮ್ಮ ಮೂರು ತೊಲಕ್ಕಿಂತ ಚೂರು ಜಾಸ್ತಿ. ಪಕ್ಕದ ಒಣಮೀನಿನ ಅಂಗಡಿಯ ಟೇಲ್ 37.8 ಗ್ರಾಂ.