ವಿಕಲಚೇತನ ಯುವಜನರನ್ನು ಉದ್ಯೋಗಕ್ಕೆ ಅಣಿಗೊಳಿಸುವ ಬಗೆ

ವಿಕಲಚೇತನ ಯುವಕ ಯುವತಿಯರಿಗೆ ತರಬೇತಿ ಕೊಡಿಸುವಾಗ, ಕಿವಿ ಕೇಳದವರಿಗೆ ಹೊಲಿಗೆ, ಕಣ್ಣು ಕಾಣದವರಿಗೆ ಕುರ್ಚಿ ಹೆಣೆಯುವ ಕೆಲಸ ಎಂದು ಅವರನ್ನು ಕೇಳುವ ಮೊದಲೇ ಗೊತ್ತುಮಾಡಿಬಿಡುವ ರೂಢಿಯಿದೆ. ಇದನ್ನು ಬಿಡಬೇಕು. ಊರಿನ ಸುತ್ತಮುತ್ತಲ ಬೇಕರಿ, ಗಾರ್ಮೆಂಟ್ಸ್, ನರ್ಸರಿ, ಸಹಕಾರ ಸಂಘಗಳಲ್ಲಿ ಯಾವ ಕೆಲಸಕ್ಕೆ ಜನ ಬೇಕಾಗಿದ್ದಾರೆಂದು ಮೊದಲು ವಿಚಾರಿಸಬೇಕು. ಆ ಯುವಕ ಅಥವಾ ಯುವತಿಗೆ ಯಾವುದರಲ್ಲಿ ಆಸಕ್ತಿಯಿದೆ, ಮನೆಯಲ್ಲಿ ಯಾವ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತಾರೆ ಎಂಬುದನ್ನು ಕೆಲವು ದಿನ ಜೊತೆಗಿದ್ದು ಗಮನಿಸಿದ ಮೇಲೆಯೇ ತರಬೇತಿಯನ್ನು ಆರಿಸಬೇಕು.

ದಾಖಲೆಗಳ ಕೆಲಸವನ್ನೂ ಆಗಲೇ ಆರಂಭಿಸುವುದು ಒಳ್ಳೆಯದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದು, ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 4ರ ಮೀಸಲಾತಿಯನ್ನು ನೀಡುತ್ತದೆ. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಸಂಬಳ ಬಂದರೆ ಮಾಸಾಶನ ನಿಂತುಹೋದೀತೆಂಬ ಅಂಜಿಕೆಯಿಂದ ಕೆಲಸಕ್ಕೆ ಕಳುಹಿಸಲು ಹಿಂಜರಿಯುವ ಮನೆಗಳಿವೆ. ಆ ಅಂಜಿಕೆಯನ್ನು ತಳ್ಳಿಹಾಕದೆ, ಆದಾಯದ ಮಿತಿ ಎಷ್ಟೆಂದು ನಾಡಕಚೇರಿಯಲ್ಲಿ ಕೇಳಿ ತಿಳಿದು, ಲೆಕ್ಕ ಹಾಕಿ ತೋರಿಸಬೇಕು.

ಕಲಿಸುವ ಕ್ರಮದಲ್ಲಿ ಹೆಚ್ಚಿನ ತಾಳ್ಮೆ ಬೇಕಾಗುವುದು ಬೌದ್ಧಿಕ ವೈಕಲ್ಯವುಳ್ಳವರ ವಿಷಯದಲ್ಲಿ. ಬೇಕರಿಯಲ್ಲಿ ರಸ್ಕ್ ಪ್ಯಾಕ್ ಮಾಡುವ ಕೆಲಸವನ್ನೇ ತೆಗೆದುಕೊಳ್ಳೋಣ: ಕವರ್ ಬಿಡಿಸುವುದು, ಎಣಿಸಿ ತುಂಬುವುದು, ತೂಕ ನೋಡುವುದು, ಬಾಯಿ ಸೀಲ್ ಮಾಡುವುದು, ಡಬ್ಬದಲ್ಲಿ ಜೋಡಿಸುವುದು. ಹೀಗೆ ಬಿಡಿಸಿದ ಹಂತಗಳನ್ನು ಕೊನೆಯಿಂದ ಕಲಿಸುತ್ತ ಬರುವುದು ಒಂದು ಒಳ್ಳೆಯ ದಾರಿ. ಮೊದಲು ಜೋಡಿಸುವುದನ್ನಷ್ಟೇ ಅವರಿಗೆ ಬಿಟ್ಟು ಉಳಿದುದನ್ನು ನಾವು ಮಾಡಿದರೆ, ಕೆಲಸ ಮುಗಿಸಿದ ತೃಪ್ತಿ ಅವರಿಗೆ ಮೊದಲ ದಿನವೇ ಸಿಗುತ್ತದೆ. ಅದು ಕೈಹಿಡಿದ ಮೇಲೆ ಅದರ ಹಿಂದಿನ ಹಂತವನ್ನು ಸೇರಿಸಬಹುದು. ಎಣಿಕೆ ಬಾರದವರಿಗೆ ಹತ್ತು ಗುಳಿಗಳ ತಟ್ಟೆಯೊಂದನ್ನು ಮಾಡಿಕೊಟ್ಟರೆ, ಗುಳಿಗಳೆಲ್ಲ ತುಂಬಿದಾಗ ಎಣಿಕೆಯೂ ಮುಗಿದಿರುತ್ತದೆ. ನೆರವನ್ನು ಹಂತಹಂತವಾಗಿ ಹಿಂತೆಗೆಯಬೇಕು. ತಡವಾಯಿತೆಂದು ನಾವೇ ಕೈಹಾಕಿ ಮುಗಿಸಬಾರದು.

ದೃಷ್ಟಿ ಇಲ್ಲದವರು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದಿಂದ ಕಂಪ್ಯೂಟರ್ ಪರದೆಯ ಮೇಲಿನ ಬರಹವನ್ನು ಕನ್ನಡದಲ್ಲಿಯೂ ಓದಿಸಿ ಕೇಳಬಹುದು. ಕಿವಿ ಕೇಳದವರು ಸೇರುವ ಕಡೆ ಸಹೋದ್ಯೋಗಿಗಳಿಗೆ ಸಂಜ್ಞಾ ಭಾಷೆಯ ಕೆಲವು ಸಂಜ್ಞೆಗಳನ್ನು ಮೊದಲೇ ಕಲಿಸಬೇಕು.

ಸ್ವಂತ ಉದ್ಯೋಗ ಬಯಸುವವರಿಗೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯ ಸಂಸ್ಥೆಗಳು ಊಟ ವಸತಿಯೊಡನೆ ಉಚಿತ ತರಬೇತಿ ಕೊಡುತ್ತವೆ. ಸೇರಿಸುವ ಮುನ್ನ ಮೆಟ್ಟಿಲು, ಶೌಚಾಲಯಗಳನ್ನು ಖುದ್ದಾಗಿ ನೋಡಿಬರಬೇಕು.

ಕೆಲಸಕ್ಕೆ ಸೇರಿಸಿದೊಡನೆ ನಮ್ಮ ಹೊಣೆ ತೀರುವುದಿಲ್ಲ. ಇತರರಿಗೆ ಕೊಡುವಷ್ಟೇ ಕೂಲಿ ಇವರಿಗೂ ಸಿಗುತ್ತಿದೆಯೇ, ಹಣ ಅವರದೇ ಹೆಸರಿನ ಖಾತೆಗೆ ಬೀಳುತ್ತಿದೆಯೇ ಎಂದು ಮೊದಲ ಕೆಲವು ತಿಂಗಳು ನೋಡುತ್ತಿರಬೇಕು. ಯಾರಾದರೂ ಕೆಲಸ ಬಿಟ್ಟರೆ ಮಾಲೀಕರಿಗಿಂತ ಮೊದಲು ಅವರನ್ನೇ ಕೇಳಬೇಕು. ಕಾರಣವು ಕೆಲಸ ಬಾರದಿರುವುದಲ್ಲದೆ, ಸಂಜೆಯ ಬಸ್ಸು ಸಿಗದಿರುವುದೂ ಆಗಿರಬಹುದು.